ಋಣ ತೀರಿಸಿದ ಪ್ರೇತಗಳು

ಮೂವತ್ತು ವರ್ಷ ಒಂದೇ ಸಂಗೀತ ತಂಡದ ಬೆನ್ನು ಹತ್ತಿ ಊರೂರು ಅಲೆದ ಜನ. ಅವರನ್ನು ನಂಬಿಕೊಂಡು ಪಿರಮಿಡ್ಡಿನ ಬುಡದವರೆಗೂ ಹೋಗಿ ಹಾಡಿ ಬಂದ ತಂಡ. ಅಮೆರಿಕದ 'ಗ್ರೇಟ್‌ಫುಲ್ ಡೆಡ್' ಮತ್ತು ಅದರ ಭಕ್ತರ ನಡುವಿನ ಕೊಡುಕೊಳ್ಳುವಿಕೆಯ ಕಥೆ ಇದು.

ಫ್ರಾನ್ಸಿನ ಉತ್ತರದ ಅಂಚಿನಲ್ಲಿ ಲೀಲ್ ಎಂಬ ಊರಿದೆ. ಒಂದು ಕಾಲಕ್ಕೆ ಜವಳಿ ಗಿರಣಿಗಳಿಗೆ ಹೆಸರಾದ ಊರು. 1972ರ ಮೇ 5ರ ಸಂಜೆ ಅಲ್ಲಿ ಟಿಕೆಟ್ಟು ಕೊಂಡ ಹುಡುಗ ಹುಡುಗಿಯರು ಗುಂಪುಗೂಡಿ ಕಾಯುತ್ತಿದ್ದರು. ಅಮೆರಿಕದಿಂದ ಬಂದ ರಾಕ್ ತಂಡವೊಂದು ಅಂದು ಹಾಡಬೇಕಿತ್ತು. ಹಾಡುವವರೇನೋ ಬಂದಿದ್ದರು. ಆದರೆ ಅವರ ವಾದ್ಯಗಳನ್ನೂ ಧ್ವನಿವರ್ಧಕಗಳನ್ನೂ ಹೊತ್ತ ಲಾರಿ ಬಂದಿರಲಿಲ್ಲ!

ಆಗಿದ್ದು ಇಷ್ಟು. ಹಿಂದಿನ ಎರಡು ರಾತ್ರಿ ತಂಡ ಪ್ಯಾರಿಸ್ಸಿನ ಒಲಂಪಿಯಾ ರಂಗಮಂದಿರದಲ್ಲಿ ಹಾಡಿತ್ತು. ಸಂಗೀತವೆಂದರೆ ಜನರ ಸ್ವತ್ತು, ಅದಕ್ಕೆ ಟಿಕೆಟ್ಟು ಯಾಕೆ ಎಂಬ ವಾದ ಅಂದಿನ ಫ್ರಾನ್ಸಿನ ತರುಣರಲ್ಲಿ ಜೋರಾಗಿತ್ತು. ಅಂಥ ಒಬ್ಬ ತರುಣನಿಗೂ ತಂಡದ ಕೆಲಸಗಾರರಿಗೂ ಮಾತಿಗೆ ಮಾತು ಬೆಳೆಯಿತು. ಯಾರೋ ಅವನ ತಲೆಯ ಮೇಲೆ ಐಸ್‌ಕ್ರೀಂ ಸುರಿದರಂತೆ. ಅವಮಾನಗೊಂಡ ಆತ ರಾತ್ರೋರಾತ್ರಿ ಲಾರಿಯ ಇಂಧನದ ಟ್ಯಾಂಕಿಗೆ ಏನನ್ನೋ ಬೆರೆಸಿ ಸೇಡು ತೀರಿಸಿಕೊಂಡ ಎಂಬುದು ತಂಡದವರು ಮುಂದೆ ಹೇಳಿಕೊಂಡ ಕಥೆ. ಅಂತೂ ಲಾರಿ ಕದಲಲಿಲ್ಲ. ಲೀಲ್‌ನ ಜನಕ್ಕೆ ಇದನ್ನೆಲ್ಲ ಹೇಳಿದರೆ ನಂಬುವವರು ಯಾರು? ಕೂಗಾಟ ಹೆಚ್ಚಾಯಿತು, ಬಾಗಿಲು ಬಡಿಯುವ ಸದ್ದು ಕೇಳಿಸಿತು. ಕಲಾವಿದರು ಬಣ್ಣದ ಕೋಣೆಯ ಕಿಟಕಿಯಿಂದ ಕೆಳಗಿಳಿದು ಓಟ ಕಿತ್ತರು.

ಇಲ್ಲಿಗೇ ಮುಗಿದಿದ್ದರೆ ಇದು ಸಾವಿರ ಸಂಗೀತ ಪ್ರವಾಸಗಳಲ್ಲಿ ನಡೆಯುವ ಒಂದು ಎಡವಟ್ಟು, ಅಷ್ಟೆ. ಆದರೆ ಎಂಟು ದಿನಗಳ ನಂತರ, ಮೇ 13ರಂದು, ಅದೇ ತಂಡ ಲೀಲ್‌ಗೆ ಮರಳಿ ಬಂತು. ಊರ ಜಾತ್ರೆಯ ಬಯಲಿನಲ್ಲಿ ವೇದಿಕೆ ಹಾಕಿ, ಹಗಲು ಹೊತ್ತಿನಲ್ಲಿ, ಒಂದು ಕಾಸೂ ತೆಗೆದುಕೊಳ್ಳದೆ ಪೂರ್ಣ ಕಛೇರಿ ಕೊಟ್ಟು ಹೋಯಿತು. ಬರಬೇಕೆಂದು ಯಾರೂ ಒತ್ತಾಯ ಮಾಡಿರಲಿಲ್ಲ. ಅವರಿಗೆ ಅದು ಒಂದು ಬಾಕಿ. ಬಾಕಿ ಉಳಿಸಿಕೊಂಡು ಮನೆಗೆ ಹೋಗಬಾರದು ಎಂಬ ಭಾವನೆ.

ಆ ತಂಡದ ಹೆಸರು 'ಗ್ರೇಟ್‌ಫುಲ್ ಡೆಡ್'. ಕನ್ನಡದಲ್ಲಿ ಹೇಳುವುದಾದರೆ ಉಪಕಾರ ಸ್ಮರಿಸುವ ಪ್ರೇತ!

ಹೆಣ ಕೊಟ್ಟ ಹೆಸರು

ಇದೆಂಥ ವಿಚಿತ್ರ ಹೆಸರು ಎನ್ನಬೇಡಿ. 1965ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಐವರು ಹುಡುಗರು ಸೇರಿ ಕಟ್ಟಿದ ತಂಡಕ್ಕೆ ಮೊದಲಿದ್ದ ಹೆಸರು 'ವಾರ್‌ಲಾಕ್ಸ್'. ಆ ಹೆಸರಿನ ತಂಡ ಬೇರೆ ಇದೆ ಎಂದು ತಿಳಿದಾಗ ಹೊಸ ಹೆಸರಿಗೆ ಹುಡುಕಾಟ ಶುರುವಾಯಿತು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಗೆಳೆಯನ ಮನೆಯಲ್ಲಿದ್ದ ನಿಘಂಟನ್ನು ಸುಮ್ಮನೆ ಬಿಡಿಸಿದ. ಕಣ್ಣಿಗೆ ಬಿದ್ದದ್ದು ಈ ಎರಡು ಪದ.

ಅದು ಹಲವು ದೇಶಗಳ ಜಾನಪದದಲ್ಲಿ ಬರುವ ಒಂದು ಕಥೆಯ ಹೆಸರು. ದಾರಿಹೋಕನೊಬ್ಬ ಒಂದು ಊರಿಗೆ ಬರುತ್ತಾನೆ. ಅಲ್ಲಿ ಹೆಣವೊಂದು ಮಣ್ಣು ಕಾಣದೆ ಬಿದ್ದಿದೆ. ಸತ್ತವನು ಸಾಲ ಉಳಿಸಿ ಹೋಗಿದ್ದಾನೆ. ಸಾಲ ತೀರುವ ತನಕ ಮಣ್ಣು ಮಾಡಲು ಬಿಡೆವು ಎಂದು ಊರವರ ಪಟ್ಟು. ದಾರಿಹೋಕ ತನ್ನಲ್ಲಿದ್ದ ಕೊನೆಯ ಕಾಸನ್ನೂ ಕೊಟ್ಟು ಹೆಣಕ್ಕೆ ಸಂಸ್ಕಾರ ಮಾಡಿಸಿ ಮುಂದೆ ಹೋಗುತ್ತಾನೆ. ಕಷ್ಟದ ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಯಾಗಿ ಅವನನ್ನು ಕಾಪಾಡುತ್ತಾನೆ. ಕೊನೆಗೆ ಗೊತ್ತಾಗುತ್ತದೆ: ಆತ ಬೇರೆ ಯಾರೂ ಅಲ್ಲ, ಋಣ ತೀರಿಸಲು ಬಂದ ಅದೇ ಸತ್ತವನ ಆತ್ಮ!

ಕನ್ನಡ ಓದುಗರಿಗೆ ಇಲ್ಲೊಂದು ಕಾಕತಾಳೀಯ ಹೊಳೆಯದೆ ಇರದು. ಅನಂತಮೂರ್ತಿಯವರ 'ಸಂಸ್ಕಾರ' ಅಚ್ಚಾದದ್ದೂ 1965ರಲ್ಲಿಯೇ. ಅಲ್ಲಿಯೂ ಅಗ್ರಹಾರದ ನಡುವೆ ಸಂಸ್ಕಾರವಿಲ್ಲದೆ ಬಿದ್ದ ಒಂದು ಹೆಣ. ಆ ಹೆಣಕ್ಕೆ ಯಾರು ಹೊಣೆ ಎಂಬ ಪ್ರಶ್ನೆ. ದುರ್ವಾಸಪುರಕ್ಕೂ ಸ್ಯಾನ್‌ಫ್ರಾನ್ಸಿಸ್ಕೊಗೂ ಯಾವ ಸಂಬಂಧವೂ ಇಲ್ಲ, ನಿಜ. ಆದರೆ ಸತ್ತವನಿಗೂ ಬದುಕಿರುವವನಿಗೂ ನಡುವೆ ಲೆಕ್ಕವೊಂದು ಉಳಿದಿರುತ್ತದೆ ಎಂಬ ಮಾತು ಎರಡೂ ಕಡೆ ಒಂದೇ.

ನಿಘಂಟಿನಿಂದ ಆಕಸ್ಮಿಕವಾಗಿ ಎದ್ದು ಬಂದ ಆ ಹೆಸರು ತಂಡದ ಹಣೆಬರಹವೇ ಆಗಿ ಹೋಯಿತು.

ಎರಡು ಬಸ್ಸು, ಇಪ್ಪತ್ತೆರಡು ಕಛೇರಿ

1972ರ ಆ ಯುರೋಪ್ ಪ್ರವಾಸ ತಂಡಕ್ಕೆ ಸಮುದ್ರದಾಚೆಯ ಮೊದಲ ದೊಡ್ಡ ಯಾತ್ರೆ. ಏಪ್ರಿಲ್ 7ರಂದು ಲಂಡನ್ನಿನ ವೆಂಬ್ಲಿಯಲ್ಲಿ ಆರಂಭ. ಮೇ 26ರಂದು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮಂಗಳ. ನಡುವೆ ಕೋಪನ್‌ಹೇಗನ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಮ್ಯೂನಿಕ್... ಒಟ್ಟು 22 ಕಛೇರಿ. ಹಾಡುವವರು ಏಳು ಮಂದಿಯಾದರೆ ಅವರೊಂದಿಗೆ ಹೊರಟ ಹೆಂಡತಿ ಮಕ್ಕಳು, ಗೆಳೆಯರು, ಪೆಟ್ಟಿಗೆ ಹೊರುವವರು ಸೇರಿ ನಲವತ್ತಕ್ಕೂ ಹೆಚ್ಚು. ನಮ್ಮ ಹಳೆಯ ನಾಟಕ ಕಂಪೆನಿಗಳು ಮೊಕ್ಕಾಂ ಬದಲಿಸುತ್ತಿದ್ದ ಹಾಗೆ ಸಂಸಾರ ಸಮೇತ ಪಯಣ! ಎರಡು ಬಸ್ಸುಗಳಿದ್ದವು. ಒಂದರವರು 'ಬೋಝೊ'ಗಳು, ಇನ್ನೊಂದರವರು 'ಬೋಲೊ'ಗಳು. ಕೋಡಂಗಿಯ ಮುಖವಾಡ ಹಾಕಿಕೊಂಡು ದಾರಿಯಲ್ಲಿ ಹೋಗುವವರನ್ನು ಬೆಚ್ಚಿಬೀಳಿಸುವುದು ಇವರ ವಿನೋದ.

ಇಷ್ಟು ಜನರ ಖರ್ಚು ನಿಭಾಯಿಸಲು ಧ್ವನಿಮುದ್ರಣ ಕಂಪೆನಿ ಒಂದು ಷರತ್ತಿನ ಮೇಲೆ ಒಪ್ಪಿತ್ತು: ಪ್ರವಾಸವನ್ನೆಲ್ಲ ಧ್ವನಿಮುದ್ರಿಸಿ ಆಲ್ಬಂ ಕೊಡಬೇಕು. ಹಾಗೆ ಹೊರಬಂದ ಮೂರು ತಟ್ಟೆಗಳ 'ಯುರೋಪ್ 72' ತಂಡದ ಅತ್ಯಂತ ಜನಪ್ರಿಯ ಆಲ್ಬಂಗಳಲ್ಲಿ ಒಂದಾಯಿತು. ಆದರೆ ಆ ಸಂಭ್ರಮದ ಹಿಂದೆ ಒಂದು ನೋವೂ ಇತ್ತು. 'ಪಿಗ್‌ಪೆನ್' ಎಂದೇ ಎಲ್ಲರೂ ಕರೆಯುತ್ತಿದ್ದ ರಾನ್ ಮೆಕ್‌ಕರ್ನನ್, ತಂಡ ಕಟ್ಟಿದ ಐವರಲ್ಲಿ ಒಬ್ಬ, ಕುಡಿತದಿಂದ ಜರ್ಜರಿತನಾಗಿದ್ದ. ಪ್ರವಾಸ ಬೇಡವೆಂಬ ಸ್ಥಿತಿಯಲ್ಲಿಯೇ ಗೆಳೆಯರೊಂದಿಗೆ ಬಂದ, ಹಾಡಿದ. ಅದೇ ಅವನ ಕೊನೆಯ ಯಾತ್ರೆ. 1973ರ ಮಾರ್ಚಿನಲ್ಲಿ ತೀರಿಕೊಂಡಾಗ ಅವನ ವಯಸ್ಸು ಬರೀ 27.

ಮೂವತ್ತೊಂಬತ್ತು ವರ್ಷಗಳ ನಂತರ, 2011ರಲ್ಲಿ, ಆ 22 ಕಛೇರಿಗಳನ್ನೂ ಒಂದೂ ಬಿಡದಂತೆ ಸೇರಿಸಿ 70ಕ್ಕೂ ಹೆಚ್ಚು ಸಿ.ಡಿ.ಗಳ ಪೆಟ್ಟಿಗೆಯೊಂದನ್ನು ಹೊರತಂದರು. ಹಳೆಯ ಕಾಲದ ಹಡಗಿನ ಟ್ರಂಕಿನ ಆಕಾರದ ಪೆಟ್ಟಿಗೆ. 7,200 ಪ್ರತಿಗಳು ನಾಲ್ಕೇ ದಿನದಲ್ಲಿ ಖರ್ಚಾದವು! ಒಂದೇ ತಂಡದ, ಒಂದೇ ಪ್ರವಾಸದ, ಬಹುಪಾಲು ಅವೇ ಹಾಡುಗಳ 22 ರಾತ್ರಿಗಳನ್ನು ದುಡ್ಡು ಕೊಟ್ಟು ಕೊಂಡು ಕೇಳುವವರು ಎಂಥ ಜನ?

ಅದನ್ನು ತಿಳಿಯಬೇಕಾದರೆ ಈ ತಂಡದ ಅಭಿಮಾನಿಗಳನ್ನು, 'ಡೆಡ್‌ಹೆಡ್'ಗಳನ್ನು, ಪರಿಚಯ ಮಾಡಿಕೊಳ್ಳಬೇಕು.

ಯಾರು ನೀವು, ಎಲ್ಲಿದ್ದೀರಿ?

1971ರಲ್ಲಿ ಬಂದ ತಂಡದ ಆಲ್ಬಂ ಒಂದರ ಒಳಹೊದಿಕೆಯಲ್ಲಿ ಪುಟ್ಟ ಪ್ರಕಟಣೆಯೊಂದಿತ್ತು. ನೀವೆಲ್ಲ ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ, ಹೆಸರು ವಿಳಾಸ ಕಳುಹಿಸಿ, ನಮ್ಮ ಸಮಾಚಾರ ತಿಳಿಸುತ್ತೇವೆ ಎಂಬ ಅರ್ಥದ ನಾಲ್ಕು ಮಾತು. ಕಾಗದಗಳು ಮೂಟೆಗಟ್ಟಲೆ ಬಂದವು. ತಂಡ ತಾನೇ ವಾರ್ತಾಪತ್ರ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸತೊಡಗಿತು. ಪತ್ರಿಕೆಗಳೂ ರೇಡಿಯೋ ಕೂಡ ಅಷ್ಟಾಗಿ ಕಣ್ಣೆತ್ತಿ ನೋಡದ ತಂಡವೊಂದು ತನ್ನ ಕೇಳುಗರೊಡನೆ ನೇರವಾಗಿ ಅಂಚೆಯ ಸಂಬಂಧ ಬೆಳೆಸಿಕೊಂಡದ್ದು ಹೀಗೆ. ಮುಂದೆ ಎಂಬತ್ತರ ದಶಕದಲ್ಲಿ ಟಿಕೆಟ್ಟುಗಳನ್ನೂ ಅಂಚೆಯ ಮೂಲಕವೇ ಮಾರಲು ಶುರುಮಾಡಿದಾಗ, ಅಭಿಮಾನಿಗಳು ಲಕೋಟೆಯ ಮೇಲೆಲ್ಲ ಬಣ್ಣದ ಚಿತ್ರ ಬಿಡಿಸಿ ಕಳುಹಿಸುತ್ತಿದ್ದರು. ತಮ್ಮ ಲಕೋಟೆ ಚೆನ್ನಾಗಿದ್ದರೆ ಒಳ್ಳೆಯ ಜಾಗ ಸಿಕ್ಕೀತು ಎಂಬ ಆಸೆ!

ಒಂದು ಊರಿನ ಕಛೇರಿ ಕೇಳಿ ಮನೆಗೆ ಹೋಗುವ ಜನವಲ್ಲ ಇವರು. ತಂಡ ಹೊರಟಲ್ಲೆಲ್ಲ ಇವರೂ ಹೊರಟರು. ಹಳೆಯ ವ್ಯಾನುಗಳಲ್ಲಿ ಹಾಸಿಗೆ, ಒಲೆ, ನಾಯಿ, ಕೂಸು ಸಮೇತ. ಸಭಾಂಗಣದ ಹೊರಗಿನ ವಾಹನ ನಿಲ್ದಾಣವೇ ಜಾತ್ರೆಯಾಗುತ್ತಿತ್ತು. ಗಂಟು ಹಾಕಿ ಬಣ್ಣ ಅದ್ದಿದ ಅಂಗಿ, ಮಣಿಸರ, ಕಾವಲಿಯ ಮೇಲೆ ಸುಟ್ಟ ಚೀಸ್ ಸ್ಯಾಂಡ್‌ವಿಚ್ ಮಾರಿ ಮುಂದಿನ ಊರಿನ ಪೆಟ್ರೋಲಿಗೆ ಕಾಸು ಹೊಂದಿಸುತ್ತಿದ್ದರು. ಟಿಕೆಟ್ಟಿಲ್ಲದವರು ಒಂದು ಬೆರಳೆತ್ತಿ ನಿಂತಿರುತ್ತಿದ್ದರು. ಒಂದು 'ಪವಾಡ' ಬೇಕು ಎಂದು ಅದರ ಅರ್ಥ. ಯಾರಾದರೂ ಪುಣ್ಯಾತ್ಮರು ತಮ್ಮಲ್ಲಿ ಹೆಚ್ಚಿಗೆ ಇದ್ದ ಟಿಕೆಟ್ಟನ್ನು ಸುಮ್ಮನೆ ಕೈಗಿತ್ತು ಹೋಗುವುದೂ ಉಂಟು. ಪಂಢರಪುರದ ದಿಂಡಿಯನ್ನು ಕಂಡವರಿಗೆ ಈ ಅಲೆದಾಟದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಠಲನಷ್ಟೇ ದಾರಿಯೂ ಮುಖ್ಯ.

ಕೇಳಿದ್ದನ್ನೇ ಕೇಳಲು ಬೇಸರವಾಗದೆ? ಇಲ್ಲಿದೆ ಗುಟ್ಟು. ಈ ತಂಡ ನಿನ್ನೆ ಹಾಡಿದ ಹಾಗೆ ಇಂದು ಹಾಡುತ್ತಿರಲಿಲ್ಲ. ಯಾವ ಹಾಡು, ಯಾವ ಕ್ರಮದಲ್ಲಿ ಎಂಬುದು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿತ್ತು. ಇಂದು ಐದು ನಿಮಿಷದ ಹಾಡು ನಾಳೆ ಇಪ್ಪತ್ತೈದು ನಿಮಿಷಕ್ಕೆ ಹಿಗ್ಗುತ್ತಿತ್ತು. ಯಕ್ಷಗಾನ ನೋಡುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಪ್ರಸಂಗ ಎಲ್ಲರಿಗೂ ಗೊತ್ತು; ಆದರೆ ಇಂದಿನ ಅರ್ಥಗಾರಿಕೆ ಹೇಗೆ ಏರುತ್ತದೆ ಎಂದು ನೋಡಲು ತಾನೇ ಜನ ಮೇಳದ ಹಿಂದೆ ಹತ್ತಾರು ಮೈಲಿ ಹೋಗುವುದು? ಎಡವುವ ರಾತ್ರಿಗಳೂ ಬೇಕಾದಷ್ಟಿದ್ದವು. ತಾಳ ತಪ್ಪಿದ್ದು, ಸಾಲು ಮರೆತದ್ದು ಎಲ್ಲವನ್ನೂ ಅಭಿಮಾನಿಗಳು ಸಹಿಸಿದರು. ಏಕೆಂದರೆ ಆಕಾಶ ತೆರೆದಂತಾಗುವ ರಾತ್ರಿ ಯಾವುದೆಂದು ಮೊದಲೇ ಹೇಳಲು ಬರುತ್ತಿರಲಿಲ್ಲ.

ಕಛೇರಿಯ ಉತ್ತರಾರ್ಧದಲ್ಲಿ ಬಿಲ್ ಕ್ರೂಟ್ಸ್‌ಮನ್ ಮತ್ತು ಮಿಕಿ ಹಾರ್ಟ್ ಎಂಬ ಇಬ್ಬರು ಡ್ರಂ ವಾದಕರಿಗಷ್ಟೇ ವೇದಿಕೆ ಬಿಟ್ಟುಕೊಡುವ ಪದ್ಧತಿಯಿತ್ತು. ನಮ್ಮ ತನಿ ಆವರ್ತನವೇ ಅನ್ನಿ. ಈ ಹೋಲಿಕೆ ಬರೀ ಬಾಯಿಮಾತಿನದಲ್ಲ. ಹಾರ್ಟ್ 1967ರಲ್ಲಿಯೇ ಉಸ್ತಾದ್ ಅಲ್ಲಾ ರಖಾ ಅವರ ತಬಲಾಕ್ಕೆ ಮಾರುಹೋದವನು. ಅವರ ಮಗ ಜಾಕಿರ್ ಹುಸೇನ್ ಜೊತೆ 1976ರಲ್ಲಿ 'ಡಿಗಾ ರಿದಂ ಬ್ಯಾಂಡ್' ಆಲ್ಬಂ ಮಾಡಿದ. 1991ರ 'ಪ್ಲಾನೆಟ್ ಡ್ರಂ'ನಲ್ಲಿ ಜಾಕಿರ್ ಜೊತೆಗೆ ಘಟದ ವಿಕ್ಕು ವಿನಾಯಕರಾಂ ಕೂಡ ಇದ್ದರು. ಆ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಪಿರಮಿಡ್ಡಿನ ಬುಡದಲ್ಲಿ ಗ್ರಹಣ

ಈ ತಂಡದ ಪ್ರವಾಸಗಳಲ್ಲೆಲ್ಲ ಅತ್ಯಂತ ಹುಚ್ಚು ಸಾಹಸ 1978ರದು. ಈಜಿಪ್ಟಿನ ಗೀಜಾದಲ್ಲಿ, ಮಹಾ ಪಿರಮಿಡ್ಡಿನ ಬುಡದಲ್ಲಿ, ಸ್ಫಿಂಕ್ಸ್ ಎದುರಿನ ಬಯಲು ರಂಗಮಂದಿರದಲ್ಲಿ ಹಾಡಬೇಕು ಎಂಬ ಕನಸು. ಬಾಸ್ ಗಿಟಾರ್ ನುಡಿಸುತ್ತಿದ್ದ ಫಿಲ್ ಲೆಶ್ ಮತ್ತು ಮ್ಯಾನೇಜರ್ ರಿಚರ್ಡ್ ಲೋರೆನ್ ಇದರ ಹಿಂದೆ ಬಿದ್ದರು. ಅರಬ್-ಇಸ್ರೇಲ್ ಯುದ್ಧ ಮುಗಿದು ಐದು ವರ್ಷವಾಗಿದೆಯಷ್ಟೆ. ಉದ್ದ ಕೂದಲಿನ ಅಮೆರಿಕನ್ನರಿಗೆ ಅಲ್ಲಿ ಯಾರು ಅನುಮತಿ ಕೊಡುತ್ತಾರೆ? ವಾಷಿಂಗ್ಟನ್‌ಗೂ ಕೈರೋಗೂ ಅಲೆದು, ಸಂಭಾವನೆ ಬೇಡ, ಬಂದ ಹಣವೆಲ್ಲ ಈಜಿಪ್ಟಿಗೇ ಎಂದು ಮಾತು ಕೊಟ್ಟ ಮೇಲೆ ಅನುಮತಿ ದೊರೆಯಿತು. ಟಿಕೆಟ್ಟಿನ ಹಣ ಅಧ್ಯಕ್ಷ ಸಾದತ್ ಅವರ ಪತ್ನಿ ಜೆಹಾನ್ ಸಾದತ್ ಮುನ್ನಡೆಸುತ್ತಿದ್ದ ಅಂಗವಿಕಲರ ಸೇವಾಸಂಸ್ಥೆಗೂ ಪುರಾತತ್ವ ಇಲಾಖೆಗೂ ಹೋಯಿತು. ಖರ್ಚು ತಂಡದ ತಲೆಗೆ.

ಸೆಪ್ಟೆಂಬರ್ 14, 15 ಮತ್ತು 16, ಮೂರು ರಾತ್ರಿ ಕಛೇರಿ. ಅಮೆರಿಕದಿಂದ ಅಭಿಮಾನಿಗಳು ಕೈಲಿದ್ದ ಹಣವನ್ನೆಲ್ಲ ಒಟ್ಟುಮಾಡಿ ವಿಮಾನ ಹತ್ತಿ ಬಂದರು. ಸ್ಥಳೀಯರೂ ಬಂದರು. ಮರಳುಗಾಡಿನ ಅಂಚಿನಲ್ಲಿ ಕುದುರೆ ಒಂಟೆಗಳ ಮೇಲೆ ಕುಳಿತು ದೂರದಿಂದಲೇ ಕೇಳಿದ ಬೆಡುಯಿನ್ ಜನರ ನೆನಪನ್ನು ತಂಡದವರು ಮುಂದೆ ಮತ್ತೆ ಮತ್ತೆ ಹೇಳಿಕೊಂಡರು. ಪಿರಮಿಡ್ಡಿನ ಒಳಗಿನ ರಾಜನ ಕೋಣೆಗೆ ತಂತಿ ಎಳೆದು, ಸಂಗೀತವನ್ನು ಅಲ್ಲಿ ಪ್ರತಿಧ್ವನಿಸಿ ಮತ್ತೆ ಹೊರತರಬೇಕೆಂಬ ಯೋಜನೆಯೂ ಇತ್ತು! ತಂತಿಗಳು ಕೈಕೊಟ್ಟವು. ಕ್ರೂಟ್ಸ್‌ಮನ್ ಮಣಿಕಟ್ಟು ಮುರಿದುಕೊಂಡಿದ್ದ, ಒಂದೇ ಕೈಯಲ್ಲಿ ಬಾರಿಸಿದ. ಪಿಯಾನೊದ ಶ್ರುತಿ ನಿಲ್ಲಲಿಲ್ಲ.

ಆದರೂ ಆ ಮೂರನೆಯ ರಾತ್ರಿಯನ್ನು ಅಲ್ಲಿದ್ದವರು ಮರೆತಿಲ್ಲ. ಅಂದು ಖಗ್ರಾಸ ಚಂದ್ರಗ್ರಹಣ. ನಮ್ಮ ಕಡೆಯಾದರೆ ಜನ ಊಟ ಬಿಟ್ಟು ಮನೆಯೊಳಗೆ ಕುಳಿತಿರುತ್ತಿದ್ದರು. ಗೀಜಾದಲ್ಲಿ ಪಿರಮಿಡ್ಡಿನ ಮೇಲೆ ಚಂದ್ರ ಕೆಂಪಾಗಿ ಕಂದುತ್ತಿದ್ದಾಗ ನೂಬಿಯಾದ ಮಹಾನ್ ಊದ್ ವಾದಕ ಹಮ್ಜಾ ಎಲ್ ದಿನ್ ತನ್ನ ನಾಡಿನ ಗಾಯಕರೊಡನೆ ಕೈಚಪ್ಪಾಳೆಯ ತಾಳಕ್ಕೆ ಹಾಡುತ್ತಿದ್ದರು. ಅಮೆರಿಕದ ವಾದಕರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಆ ತಾಳಕ್ಕೆ ತಮ್ಮ ವಾದ್ಯ ಸೇರಿಸಿದರು. ಸದ್ದಿಲ್ಲದೆ ನೂಬಿಯಾದವರು ಸರಿದುಹೋಗಿ, ಸಂಗೀತ ಮಾತ್ರ ಮುಂದುವರಿಯಿತು. ಮರುದಿನವೇ, ಸೆಪ್ಟೆಂಬರ್ 17ರಂದು, ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಅಮೆರಿಕದಲ್ಲಿ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕಿದರು. ಎರಡಕ್ಕೂ ಸಂಬಂಧ ಕಲ್ಪಿಸುವುದು ಅಭಿಮಾನಿಗಳ ಪ್ರೀತಿಯ ಅತಿರೇಕ. ಆದರೆ ಅವರಿಗೆ ಹಾಗನಿಸಿದ್ದರಲ್ಲಿ ಆಶ್ಚರ್ಯವೂ ಇಲ್ಲ.

ಖರ್ಚನ್ನು ಈಜಿಪ್ಟಿನ ಧ್ವನಿಮುದ್ರಣ ಮಾರಿ ತುಂಬಿಕೊಳ್ಳುವ ಲೆಕ್ಕಾಚಾರವಿತ್ತು. ಟೇಪು ಕೇಳಿದ ಮೇಲೆ ತಂಡಕ್ಕೇ ತೃಪ್ತಿಯಾಗಲಿಲ್ಲ. ಚೆನ್ನಾಗಿಲ್ಲದ್ದನ್ನು ಮಾರುವುದು ಬೇಡ ಎಂದು ಕಟ್ಟಿಟ್ಟರು. ನಷ್ಟ ನಷ್ಟವಾಗಿಯೇ ಉಳಿಯಿತು. ಅದು ಆಲ್ಬಂ ಆಗಿ ಹೊರಬಂದದ್ದು ಮೂವತ್ತು ವರ್ಷಗಳ ಬಳಿಕ, 2008ರಲ್ಲಿ.

ಟೇಪು ಹಿಡಿದವರು

ಬೇರೆ ತಂಡಗಳ ಕಛೇರಿಗೆ ಟೇಪ್‌ರೆಕಾರ್ಡರ್ ಒಯ್ದರೆ ಬಾಗಿಲಲ್ಲೇ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಗ್ರೇಟ್‌ಫುಲ್ ಡೆಡ್ ಕಂಡೂ ಕಾಣದಂತಿತ್ತು. ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳಿದವರದು ಎಂಬುದು ಗಾರ್ಸಿಯಾನ ನಿಲುವು. 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಕಛೇರಿಯಿಂದ ಟೇಪು ಮಾಡುವವರಿಗೆಂದೇ ಬೇರೆ ಜಾಗ, ಬೇರೆ ಟಿಕೆಟ್ಟು! ಸಭಾಂಗಣದ ಹಿಂಭಾಗದಲ್ಲಿ ಮೈಕುಗಳ ಕಾಡೇ ಎದ್ದು ನಿಲ್ಲುತ್ತಿತ್ತು.

ಒಂದೇ ಕಟ್ಟಳೆ: ಮಾರಬಾರದು. ಹಂಚಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು. ಹೊಸಬನೊಬ್ಬ ಖಾಲಿ ಕ್ಯಾಸೆಟ್ಟು ಮತ್ತು ಅಂಚೆವೆಚ್ಚ ಕಳುಹಿಸಿದರೆ ಹಳಬನು ರಾತ್ರಿಯಿಡೀ ಕುಳಿತು ಪ್ರತಿ ಮಾಡಿ ಕಳುಹಿಸುತ್ತಿದ್ದ. ಮುಖ ಕಾಣದ ಸ್ನೇಹಗಳು ಹೀಗೆ ಬೆಳೆದವು. ಕಂಪೆನಿಗಳ ಲೆಕ್ಕದ ಪ್ರಕಾರ ಇದು ಮುಳುಗುವ ವ್ಯಾಪಾರ. ಆದದ್ದೇ ಬೇರೆ. ಟೇಪು ಕೇಳಿದವರೆಲ್ಲ ಕಛೇರಿಗೆ ಬಂದರು. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಪ್ರವಾಸದಿಂದ ಅತಿ ಹೆಚ್ಚು ಗಳಿಸುವ ತಂಡಗಳ ಸಾಲಿನಲ್ಲಿ ಇವರಿದ್ದರು.

ಬೆಟ್ಟಿ ಕ್ಯಾಂಟರ್ ಜಾಕ್ಸನ್ ಎಂಬ ಧ್ವನಿತಜ್ಞೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ತಂಡದ ಜೊತೆಗಿದ್ದು ಅದ್ಭುತವಾಗಿ ಧ್ವನಿಮುದ್ರಿಸಿದಾಕೆ. ಮುಂದೆ ತಂಡದಿಂದ ದೂರವಾಗಿ, ಕೈ ಬರಿದಾಗಿ, ಟೇಪುಗಳನ್ನಿಟ್ಟ ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವೆಲ್ಲ ಹರಾಜಾದವು. ಕೊಂಡವರ ಕೈಯಿಂದ ಅವು ಅಭಿಮಾನಿಗಳಿಗೆ ತಲುಪಿ ಪ್ರತಿಯಿಂದ ಪ್ರತಿಯಾಗಿ ಹರಡಿದವು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಕೆ ಮುದ್ರಿಸಿದ ಕಛೇರಿಯನ್ನು 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿ ಭಂಡಾರಕ್ಕೆ ಸೇರಿಸಿತು. ಅಷ್ಟರವರೆಗೆ ಅದನ್ನು ಕಾಪಾಡಿಕೊಂಡು ಬಂದವರು ಕ್ಯಾಸೆಟ್ಟು ಹಂಚಿದ ಅನಾಮಿಕರು.

ಕೊಡುವ ಗುಣ ಇತರ ಕಡೆಗೂ ಹರಿಯಿತು. ಕಾರು ಅಪಘಾತದಲ್ಲಿ ತೀರಿಕೊಂಡ ತಂಡದ ಕೆಲಸಗಾರ ರೆಕ್ಸ್ ಜಾಕ್ಸನ್ ಹೆಸರಿನಲ್ಲಿ ಎಂಬತ್ತರ ದಶಕದಲ್ಲಿ ದತ್ತಿನಿಧಿ ಸ್ಥಾಪನೆಯಾಯಿತು. ಸೋವಿಯತ್ ಒಕ್ಕೂಟದಿಂದ ಆಗತಾನೆ ಬಿಡುಗಡೆಯಾದ ಲಿಥುವೇನಿಯಾದ ಬ್ಯಾಸ್ಕೆಟ್‌ಬಾಲ್ ತಂಡ 1992ರ ಬಾರ್ಸಿಲೋನಾ ಒಲಂಪಿಕ್ಸ್‌ಗೆ ಹೋಗಲು ಕಾಸಿಲ್ಲದೆ ಪರದಾಡುತ್ತಿದ್ದಾಗ ಇವರು ಹಣ ಕೊಟ್ಟರು. ಆ ಆಟಗಾರರು ಕಂಚು ಗೆದ್ದು ಪದಕದ ಪೀಠ ಏರಿದ್ದು ಬಣ್ಣಬಣ್ಣದ ಡೆಡ್ ಅಂಗಿ ತೊಟ್ಟು!

ಬೇಲಿ ಮುರಿದ ದಿನ

ಇಷ್ಟೆಲ್ಲ ಓದಿ ಇದು ಬರೀ ಪ್ರೀತಿಯ ಕಥೆ ಎಂದುಕೊಂಡರೆ ತಪ್ಪಾದೀತು. ಈ ಜಾತ್ರೆಯಲ್ಲಿ ಮಾದಕ ವಸ್ತು ಮೊದಲಿನಿಂದಲೂ ಇತ್ತು. ಎಲ್.ಎಸ್.ಡಿ. ಇನ್ನೂ ಕಾನೂನುಬಾಹಿರವಾಗಿರದ ಕಾಲದ ಕೂಟಗಳಲ್ಲಿಯೇ ತಂಡ ಬೆಳೆದದ್ದು. ಅದಕ್ಕೆ ಬೆಲೆಯನ್ನೂ ತೆತ್ತರು. ಪಿಗ್‌ಪೆನ್ ನಂತರ 1990ರಲ್ಲಿ ಇನ್ನೊಬ್ಬ ಕೀಬೋರ್ಡ್ ವಾದಕ ಬ್ರೆಂಟ್ ಮಿಡ್‌ಲೆಂಡ್ ಅತಿ ಸೇವನೆಯಿಂದ ಸತ್ತ. ಗಾರ್ಸಿಯಾ ಹೆರಾಯಿನ್ನಿಗೆ ದಾಸನಾದ. ವ್ಯಾನುಗಳಲ್ಲಿ ಬಂದ ಎಷ್ಟೋ ಹುಡುಗರು ಜೈಲು ಸೇರಿದರು. ಇದರ ನಡುವೆಯೇ ಕುಡಿತ, ಚಟ ಬಿಡಬೇಕೆಂದ ಅಭಿಮಾನಿಗಳು 'ವಾರ್ಫ್ ರ‍್ಯಾಟ್ಸ್' ಎಂಬ ಗುಂಪು ಕಟ್ಟಿಕೊಂಡು, ಕಛೇರಿಯ ವಿರಾಮದಲ್ಲಿ ಹಳದಿ ಬಲೂನಿನ ಕೆಳಗೆ ಸೇರಿ ಒಬ್ಬರಿಗೊಬ್ಬರು ಆಸರೆಯಾದರು ಎಂಬುದನ್ನೂ ಹೇಳಬೇಕು.

1987ರಲ್ಲಿ ಎಂದೂ ಆಗದ ಒಂದು ಸಂಗತಿ ಆಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಇವರ ಹಾಡೊಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಟೀವಿಯಲ್ಲಿ ನೋಡಿದ ಹೊಸ ಜನ ಸಾಗರದಂತೆ ಬಂದರು. ಅವರಲ್ಲಿ ಅನೇಕರಿಗೆ ಸಂಗೀತಕ್ಕಿಂತ ಹೊರಗಿನ ಜಾತ್ರೆಯೇ ಮುಖ್ಯ. ಊರುಗಳು ಇವರನ್ನು ಕರೆಯಲು ಹಿಂಜರಿದವು. 1989ರಲ್ಲಿ ತಂಡವೇ ಹೊರಗೆ ಡೇರೆ ಹಾಕುವುದನ್ನೂ ಮಾರಾಟವನ್ನೂ ನಿಷೇಧಿಸಬೇಕಾಯಿತು. ಹಾರ ಹಾಕಿದ ಕೈಯೇ ಕುತ್ತಿಗೆ ಬಿಗಿಯತೊಡಗಿತ್ತು.

1995ರ ಜುಲೈ 2. ಇಂಡಿಯಾನಾ ರಾಜ್ಯದ ಡೀರ್ ಕ್ರೀಕ್ ಬಯಲು ರಂಗಮಂದಿರ. ಗಾರ್ಸಿಯಾನನ್ನು ಕೊಲ್ಲುವುದಾಗಿ ಬೆದರಿಕೆ ಬಂದಿದ್ದರಿಂದ ಸಭೆಯ ದೀಪಗಳನ್ನು ಆರಿಸದೆಯೇ ಹಾಡುತ್ತಿದ್ದರು. ಆ ಬೆಳಕಿನಲ್ಲಿ, ವೇದಿಕೆಯ ಮೇಲಿದ್ದವರ ಕಣ್ಣೆದುರಿಗೇ, ಟಿಕೆಟ್ಟಿಲ್ಲದ ಸಾವಿರಾರು ಮಂದಿ ಹಿಂದಿನ ಬೇಲಿ ಮುರಿದು ನುಗ್ಗಿದರು. ಪೊಲೀಸರ ಮೇಲೆ ಕಲ್ಲು ಬಾಟಲಿ ತೂರಿದರು. ಇನ್ನೂ ನೋವಿನ ಸಂಗತಿಯೆಂದರೆ ಒಳಗೆ ಕುಳಿತಿದ್ದವರಲ್ಲಿ ಅನೇಕರು ನುಗ್ಗುವವರನ್ನು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು!

ಮರುದಿನದ ಕಛೇರಿ ರದ್ದಾಯಿತು. ಮೂವತ್ತು ವರ್ಷದಲ್ಲಿ ತಂಡ ತನ್ನ ಜನರಿಗೆ ಅಷ್ಟು ಕಟುವಾದ ಕಾಗದ ಬರೆದದ್ದು ಅದೇ ಮೊದಲು. ಟಿಕೆಟ್ಟಿಲ್ಲದೆ ಬರಬೇಡಿ, ಇದು ಹೀಗೆಯೇ ನಡೆದರೆ ನಮ್ಮ ಪ್ರವಾಸ ನಿಲ್ಲುತ್ತದೆ, ನಿಲ್ಲಿಸುವವರು ನೀವೇ ಎಂಬುದು ಅದರ ಸಾರಾಂಶ.

ನಿಲ್ಲಿಸಲು ಹೆಚ್ಚು ಕಾಲ ಬೇಕಾಗಲಿಲ್ಲ. ಜುಲೈ 9ರಂದು ಷಿಕಾಗೋದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಹಾಡಿದ್ದೇ ಕೊನೆ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಚಟ ಬಿಡಿಸುವ ಕೇಂದ್ರದಲ್ಲಿ ಗಾರ್ಸಿಯಾ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 53. ಅದೇ ಡಿಸೆಂಬರಿನಲ್ಲಿ ಉಳಿದವರು ಆ ಹೆಸರಿಗೇ ವಿದಾಯ ಹೇಳಿದರು. ಅಷ್ಟು ಹೊತ್ತಿಗೆ ಅವರು ಕೊಟ್ಟ ಕಛೇರಿಗಳ ಸಂಖ್ಯೆ 2,300ನ್ನು ದಾಟಿತ್ತು.

ಅಭಿಮಾನಿಗಳನ್ನು ದೇವರೆಂದು ಕರೆದ ರಾಜ್‌ಕುಮಾರರ ನಾಡಿನವರಿಗೆ ಇಲ್ಲಿ ಒಂದು ಪ್ರಶ್ನೆ ಕಾಡದೆ ಇರದು. ದೇವರು ಕೊಡುವವನೂ ಹೌದು, ಬಲಿ ಕೇಳುವವನೂ ಹೌದಲ್ಲವೆ? ತಂಡವನ್ನು ಸಾಕಿದ ಅದೇ ಪ್ರೀತಿ, ವಿಶ್ರಾಂತಿ ಬೇಕಾಗಿದ್ದ ರೋಗಿಯೊಬ್ಬನನ್ನು ವರ್ಷಕ್ಕೆ ಹತ್ತಾರು ಊರು ಅಲೆಸಿತು. ನೂರಾರು ಜನರ ಸಂಬಳ, ಲಕ್ಷಾಂತರ ಜನರ ನಿರೀಕ್ಷೆ ಅವನ ಬೆನ್ನ ಮೇಲಿತ್ತು. ಸಾಕು ಎನ್ನುವ ಧೈರ್ಯ ಅವನಿಗೂ ಬರಲಿಲ್ಲ, ಸಾಕು ಮಾಡಿಸುವ ದಯೆ ಜನಕ್ಕೂ ಬರಲಿಲ್ಲ.

ಗಂಗೆಯಲ್ಲಿ

1996ರ ಏಪ್ರಿಲ್ 4ರ ಬೆಳಗಿನ ಜಾವ. ಹೃಷಿಕೇಶದ ಗಂಗಾತೀರ. ಅಂದೂ ಖಗ್ರಾಸ ಚಂದ್ರಗ್ರಹಣ. ಗಾರ್ಸಿಯಾನ ಪತ್ನಿ ಡೆಬೊರಾ ಕೂನ್ಸ್, ಮೂವತ್ತು ವರ್ಷದ ಗೆಳೆಯ ಬಾಬ್ ವಿಯರ್, ಗಾರ್ಸಿಯಾನೊಂದಿಗೆ ಧ್ವನಿಮುದ್ರಣ ಮಾಡಿದ್ದ ಕಲ್ಕತ್ತಾ ಮೂಲದ ಗಿಟಾರ್ ವಾದಕ ಸಂಜಯ್ ಮಿಶ್ರಾ ಬೂದಿಯ ಒಂದು ಪಾಲನ್ನು ನೀರಿಗೆ ಬಿಟ್ಟರು. ಉಳಿದದ್ದು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಪಾಲಾಯಿತು. ಸಂಸ್ಕಾರ ಸಿಗದ ಹೆಣದ ಕಥೆಯಿಂದ ಹೆಸರು ಪಡೆದ ತಂಡದ ಕಥೆ ಗಂಗೆಯಲ್ಲಿ ಒಂದು ತಿರುವು ಕಂಡಿತು.

ಮುಗಿಯಿತೇ? ಮುಗಿಯಲಿಲ್ಲ. 2008ರಲ್ಲಿ ತಂಡದ ಕಾಗದಪತ್ರಗಳೆಲ್ಲ ಸಾಂಟಾ ಕ್ರೂಜ್‌ನ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಭಿಮಾನಿಗಳು ಬಣ್ಣ ಬಳಿದು ಕಳುಹಿಸಿದ ಲಕೋಟೆಗಳು ಕೂಡ ಅಲ್ಲಿವೆ. ಈಗ ಸಂಶೋಧಕರು ಅವನ್ನು ಬಿಡಿಸಿ ನೋಡುತ್ತಾರೆ. 2015ರ ಜುಲೈನಲ್ಲಿ, ತಂಡಕ್ಕೆ ಐವತ್ತು ತುಂಬಿದಾಗ, ಉಳಿದ ನಾಲ್ವರು ಅದೇ ಸೋಲ್ಜರ್ ಫೀಲ್ಡಿನಲ್ಲಿ ಮೂರು ರಾತ್ರಿ ಹಾಡಿ ವಿದಾಯ ಹೇಳಿದರು. ಕ್ರೀಡಾಂಗಣ ತುಂಬಿತ್ತು. ಟಿಕೆಟ್ಟಿಗಾಗಿ ಮತ್ತೆ ಚಿತ್ರ ಬಿಡಿಸಿದ ಲಕೋಟೆಗಳು ರಾಶಿ ರಾಶಿ ಬಂದಿದ್ದವು. ಪಿರಮಿಡ್ಡಿನ ಕನಸು ಕಂಡಿದ್ದ ಫಿಲ್ ಲೆಶ್ 2024ರ ಅಕ್ಟೋಬರಿನಲ್ಲಿ, ಜಾಕಿರ್ ಹುಸೇನ್ ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಟೇಪುಗಳು ಉಳಿದಿವೆ.

ಆ ಟೇಪುಗಳಲ್ಲಿ ಲೀಲ್‌ನ ಬಯಲಿನದೂ ಒಂದು. 1972ರ ಮೇ 13. ದುಡ್ಡು ಕೊಟ್ಟು ಮೋಸ ಹೋದೆವೆಂದು ಕೂಗಾಡಿದ ಊರಿಗೆ ಮರಳಿ ಬಂದು ಬಿಟ್ಟಿ ಹಾಡಿದ ಮಧ್ಯಾಹ್ನ. ಸಾಲ ಮಾಡಿದವನು ತಾನಾಗಿಯೇ ಬಂದು ಬಾಗಿಲು ತಟ್ಟಿ ತೀರಿಸಿ ಹೋಗುವುದು ಕಥೆಯಲ್ಲಿ ಮಾತ್ರ ಎನ್ನುವವರು ಅದನ್ನೊಮ್ಮೆ ಕೇಳಬಹುದು.